ಬೀಡಿ ಸೇದುವವರ ಅಂಗಾಲು ನೋವು: ಬರ್ಗರ್ ಕಾಯಿಲೆಯ ಗುರುತು ಹಿಡಿಯುವ ಬಗೆ

ಹೋದ ಮಳೆಗಾಲದಲ್ಲಿ ಮೂವತ್ತನಾಲ್ಕು ವರ್ಷದ ಲಾರಿ ಡ್ರೈವರೊಬ್ಬರು ನಮ್ಮ ಡ್ರೆಸ್ಸಿಂಗ್ ಕೋಣೆಗೆ ಬಂದರು. ಬಲಗಾಲಿನ ಹೆಬ್ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಗಾಯ. ಅದಕ್ಕೂ ಮೊದಲು ಎರಡು ವರ್ಷ ಅಂಗಾಲು ನೋವೆಂದು ಊರೂರು ಅಲೆದಿದ್ದರು. ಮೆತ್ತನೆಯ ಚಪ್ಪಲಿ, ಕ್ಯಾಲ್ಸಿಯಂ ಮಾತ್ರೆ, ಸೊಂಟದ ಎಕ್ಸ್‌ರೇ, ಹಿಮ್ಮಡಿಗೊಂದು ಇಂಜೆಕ್ಷನ್ ಎಲ್ಲ ಆಗಿತ್ತು. ಅವರ ಕೈಲಿದ್ದ ಪ್ಲಾಸ್ಟಿಕ್ ಚೀಲದ ತುಂಬ ಚೀಟಿಗಳು. ಅಷ್ಟೂ ಚೀಟಿಗಳಲ್ಲಿ ಪಾದದ ನಾಡಿ ಮುಟ್ಟಿ ನೋಡಿದ್ದಾಗಿ ಒಂದರಲ್ಲೂ ಬರೆದಿರಲಿಲ್ಲ. ನಾನು ಬೆರಳಿಟ್ಟು ಹುಡುಕಿದೆ, ಸಿಗಲಿಲ್ಲ. ಶರ್ಟಿನ ಜೇಬಿನಲ್ಲಿ ಬೀಡಿ ಕಟ್ಟು ಇಣುಕುತ್ತಿತ್ತು.

ನಾನು ಡಾಕ್ಟರಲ್ಲ, ಗಾಯ ಕಟ್ಟುವ ನರ್ಸು. ಮಾಯದ ಗಾಯಗಳ ಜೊತೆಯಲ್ಲೇ ಹಲವು ವರ್ಷ ಕಳೆದಿದ್ದೇನೆ. ಬರ್ಗರ್ ಕಾಯಿಲೆಯವರು ಬೆರಳು ಕಪ್ಪಾದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಆದರೆ ಆ ಕಾಲು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಮುಂಚೆಯೇ ಸೂಚನೆ ಕೊಡುತ್ತ ಬಂದಿರುತ್ತದೆ. ಆ ಸೂಚನೆಗಳನ್ನು ಮನೆಯಲ್ಲೇ ಹೇಗೆ ಓದಿಕೊಳ್ಳಬೇಕು, ಆಸ್ಪತ್ರೆಯಲ್ಲಿ ಏನು ಕೇಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಕಾಯಿಲೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಕೈಕಾಲುಗಳ ತುದಿಗೆ ರಕ್ತ ಒಯ್ಯುವ ಸಣ್ಣ ಮತ್ತು ಮಧ್ಯಮ ಗಾತ್ರದ ನಾಳಗಳಲ್ಲಿ ಉರಿಯೂತವಾಗಿ, ಒಳಗೆ ರಕ್ತ ಹೆಪ್ಪುಗಟ್ಟಿ, ನಾಳ ಅಲ್ಲಲ್ಲಿ ಮುಚ್ಚಿಹೋಗುತ್ತದೆ. ಚೀಟಿಯಲ್ಲಿ ಡಾಕ್ಟರು ಇದನ್ನು ಟಿ.ಎ.ಒ. ಎಂದು ಬರೆಯುತ್ತಾರೆ; ಪೂರ್ತಿ ಹೆಸರು ಥ್ರಾಂಬೋಆಂಜೈಟಿಸ್ ಆಬ್ಲಿಟರನ್ಸ್. 1879ರಲ್ಲಿ ಆಸ್ಟ್ರಿಯಾದ ಸರ್ಜನ್ ಫೆಲಿಕ್ಸ್ ಫಾನ್ ವಿನಿವಾರ್ಟರ್ ಇಂಥದ್ದೊಂದು ಪ್ರಕರಣವನ್ನು ಮೊದಲು ವಿವರಿಸಿದರು. 1908ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಲಿಯೋ ಬರ್ಗರ್, ಕತ್ತರಿಸಿ ತೆಗೆದ ಹನ್ನೊಂದು ಕಾಲುಗಳ ರಕ್ತನಾಳಗಳನ್ನು ಪರೀಕ್ಷಿಸಿ ಇದನ್ನು ವಿವರವಾಗಿ ದಾಖಲಿಸಿದರು. ಹೆಸರು ಅವರದ್ದೇ ಉಳಿಯಿತು. ಇದು ಹೆಚ್ಚಾಗಿ ಬರುವುದು 45 ವರ್ಷದೊಳಗಿನ ಗಂಡಸರಿಗೆ. ತಂಬಾಕು ಬಳಸುವ ಹೆಂಗಸರಿಗೂ ಬರುತ್ತದೆ. ಭಾರತ, ಜಪಾನ್, ಕೊರಿಯಾ, ಪಶ್ಚಿಮ ಏಷ್ಯಾದ ದೇಶಗಳಲ್ಲಿ ಯುರೋಪು, ಅಮೆರಿಕಕ್ಕಿಂತ ಜಾಸ್ತಿ.

ನಮ್ಮ ಜನ ರಕ್ತನಾಳಕ್ಕೂ "ನರ" ಅಂತಲೇ ಅನ್ನುತ್ತಾರೆ. "ನರ ಎಳೀತದೆ ಸಿಸ್ಟರ್" ಅಂದ ತಕ್ಷಣ ನರದ ಮಾತ್ರೆ ಬರೆದುಕೊಟ್ಟು ಕಳಿಸಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ಹೆಸರು ಏನೇ ಇರಲಿ, ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು ಅನ್ನುವುದನ್ನು ಬಿಡಿಸಿ ಹೇಳಿ.

ಮೊದಲು ಇದನ್ನು ನೋಡಿ: ಇವತ್ತೇ, ಈಗಲೇ ಹೋಗಬೇಕಾದ ಸ್ಥಿತಿ

ಕಾಲೋ ಕೈಯೋ ಇದ್ದಕ್ಕಿದ್ದಂತೆ ವಿಪರೀತ ನೋವಾಗಿ, ತಣ್ಣಗಾಗಿ, ಬಿಳುಚಿ, ಮುಟ್ಟಿದರೆ ಗೊತ್ತಾಗದ ಹಾಗೆ ಆದರೆ, ಬೆರಳು ಆಡಿಸಲು ಬಾರದಿದ್ದರೆ, ಕೆಳಗಿನ ಯಾವ ಪರೀಕ್ಷೆಯನ್ನೂ ಮಾಡುತ್ತ ಕೂರಬೇಡಿ. ನಾಳ ಪೂರ್ತಿ ಕಟ್ಟಿಕೊಂಡಿರಬಹುದು. ಸುಮಾರು ಆರು ಗಂಟೆ ದಾಟಿದರೆ ಸ್ನಾಯು ಸಾಯತೊಡಗುತ್ತದೆ. 108ಕ್ಕೆ ಕರೆಮಾಡಿ, ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ.

ಕಪ್ಪಾದ ಬೆರಳು ಒದ್ದೆಯಾಗಿ ವಾಸನೆ ಬರುತ್ತಿದ್ದರೆ, ಕೆಂಪು ಮೇಲಕ್ಕೆ ಏರುತ್ತಿದ್ದರೆ, ಚಳಿಜ್ವರ ಬಂದರೆ, ಅದೂ ಅದೇ ದಿನದ ಕೆಲಸ. ಇಡೀ ಮೀನಖಂಡ ಊದಿ ಬಿಗಿದುಕೊಂಡರೂ, ಜೊತೆಗೆ ಉಸಿರು ಕಟ್ಟಿದಂತಾದರೂ ಹಾಗೆಯೇ. ಆ ಕಾಲನ್ನು ತಿಕ್ಕಬೇಡಿ. ಒಳಗಿನ ದೊಡ್ಡ ಸಿರೆಯಲ್ಲಿ ಹೆಪ್ಪುಗಟ್ಟಿದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ನಡೆದರೆ ಅಂಗಾಲು ಹಿಡಿಯುತ್ತದೆ, ನಿಂತರೆ ಬಿಡುತ್ತದೆ

ಬಹಳ ಜನರಲ್ಲಿ ಕಾಯಿಲೆ ಶುರುವಾಗುವುದು ಹೀಗೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುವಾಗ ಅರ್ಧ ದಾರಿಯಲ್ಲಿ ಅಂಗಾಲಿನ ಕಮಾನಿನ ಜಾಗ ಹಿಂಡಿದಂತೆ ನೋಯುತ್ತದೆ. ಎರಡು ಮೂರು ನಿಮಿಷ ನಿಂತರೆ ಸರಿಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ನಡೆಯುವ ಸ್ನಾಯು ಕೇಳುವಷ್ಟು ರಕ್ತ ಕೆಳಗೆ ತಲುಪುತ್ತಿಲ್ಲ ಎಂದು ಇದರ ಅರ್ಥ. ವಯಸ್ಸಾದವರ ಕೊಬ್ಬು ಕಟ್ಟುವ ಕಾಯಿಲೆ ದೊಡ್ಡ ನಾಳಗಳಲ್ಲಿ ಮೊದಲಾಗುವುದರಿಂದ ಅಲ್ಲಿ ಮೀನಖಂಡ, ತೊಡೆ ನೋಯುತ್ತದೆ. ಬರ್ಗರ್ ತುದಿಯಿಂದ ಹಿಡಿದು ಮೇಲಕ್ಕೆ ಹತ್ತುತ್ತದೆ. ಅದಕ್ಕೇ ಮೊದಲು ಅಂಗಾಲು, ಆಮೇಲೆ ಮೀನಖಂಡ. ಮೂಳೆ ನೋವೆಂದು ಇದು ತಪ್ಪಿಹೋಗುವುದು ಇದೇ ಕಾರಣಕ್ಕೆ.

ಕಾಸು ಖರ್ಚಿಲ್ಲದ ಮೊದಲ ಪರೀಕ್ಷೆ: ಒಂದು ವಾರ ನೋವಿನ ಲೆಕ್ಕ ಇಡಿ. ಎಷ್ಟು ಹೆಜ್ಜೆಗೆ ಹಿಡಿಯಿತು, ಎಷ್ಟು ನಿಮಿಷಕ್ಕೆ ಬಿಟ್ಟಿತು, ಬರೆದಿಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾದರೆ ಅದು ಬಹುಪಾಲು ಹಿಮ್ಮಡಿಯ ಪಟ್ಟಿಯ ನೋವು. ಸೊಂಟದಿಂದ ಕಾಲಿಗೆ ಮಿಂಚು ಹರಿದಂತಾಗಿ, ಬಗ್ಗಿದರೋ ಕೂತರೋ ಮಾತ್ರ ಆರಾಮವಾದರೆ ಬೆನ್ನುಮೂಳೆಯ ಕಡೆ ನೋಡಬೇಕು. ನಡಿಗೆಗೆ ಹಿಡಿದು ಬರೀ ನಿಂತರೇ ಬಿಡುವ ನೋವು, ಪ್ರತಿಸಲ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಬರುವ ನೋವು ರಕ್ತನಾಳದ್ದು.

ಎರಡನೆಯದು ನಾಡಿ. ಇದನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿಯಬೇಕೆಂದು ನನಗೆ ಆಸೆ. ಕಾಲು ಬೆಚ್ಚಗಿರಲಿ, ಮಲಗಿಸಿ. ಹೆಬ್ಬೆರಳನ್ನು ಮೇಲೆತ್ತಲು ಹೇಳಿ. ಪಾದದ ಮೇಲೆ ಒಂದು ಗಟ್ಟಿ ತಂತಿಯಂತೆ ಏಳುತ್ತದೆ. ಬೆರಳು ಇಳಿಸಿದ ಮೇಲೆ ಆ ತಂತಿಯ ಹೊರಪಕ್ಕದಲ್ಲಿ, ಪಾದದ ನಡುಭಾಗದಲ್ಲಿ, ನಿಮ್ಮ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಹಗುರಾಗಿ ಇಡಿ. ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. ಹೆಬ್ಬೆರಳಿಂದ ನೋಡಬೇಡಿ, ನಿಮ್ಮದೇ ಬಡಿತ ಕೇಳಿಸಿಬಿಡುತ್ತದೆ. ಎರಡನೇ ಜಾಗ ಒಳ ಕಣಕಾಲು ಗುಬ್ಬಿಯ (ಕಣಕಾಲಿನ ಒಳಪಕ್ಕದಲ್ಲಿ ಉಬ್ಬಿದ ಮೂಳೆ) ಹಿಂದೆ, ಗುಬ್ಬಿಗೂ ಹಿಮ್ಮಡಿಯ ದಪ್ಪ ಸ್ನಾಯುವಿಗೂ ನಡುವಿನ ತಗ್ಗು. ಅರ್ಧ ನಿಮಿಷವಾದರೂ ತಾಳ್ಮೆಯಿಂದ ಹುಡುಕಿ. ಮೊದಲು ಆರೋಗ್ಯವಾಗಿರುವವರ ಕಾಲಿನಲ್ಲಿ ಅಭ್ಯಾಸ ಮಾಡಿಕೊಳ್ಳಿ.

ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗದವರು ಕೆಲವರಿದ್ದಾರೆ, ಅದೊಂದು ಸಿಗದಿದ್ದರೆ ಹೆದರಬೇಡಿ. ಗುಬ್ಬಿಯ ಹಿಂದಿನದ್ದು ಸಿಗದಿದ್ದರೆ, ಒಂದು ಕಾಲಿನಲ್ಲಿ ಸಿಕ್ಕು ಇನ್ನೊಂದರಲ್ಲಿ ಸಿಗದಿದ್ದರೆ, ಜೊತೆಗೆ ಬೀಡಿ ಸಿಗರೇಟಿನ ಅಭ್ಯಾಸವೂ ಇದ್ದರೆ, ಆ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿ. ಹೋದವರು "ಕಾಲು ನೋವು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ಪಾದದ ನಾಡಿ ಸಿಗ್ತಿಲ್ಲ, ಒಂದು ಸಲ ನೋಡಿ ಸಾರ್" ಎಂದು ಬಾಯಿಬಿಟ್ಟು ಹೇಳಿ.

ಬೆರಳು ತಣ್ಣಗಿರುತ್ತದೆ, ಬಣ್ಣ ಬದಲಾಗುತ್ತದೆ

ಚಳಿಗೆ, ತಣ್ಣೀರಿಗೆ ಕೈಕಾಲಿನ ಬೆರಳು ಬಿಳುಚಿ, ನೀಲಿಯಾಗಿ, ಆಮೇಲೆ ಕೆಂಪಾಗಿ ಉರಿಯುವುದಕ್ಕೆ ರೇನಾಡ್ ಎನ್ನುತ್ತಾರೆ. ಬರ್ಗರ್ ಇರುವವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಇದು ಕಾಣುತ್ತದೆ. ಜೋಮು, ಇರುವೆ ಹರಿದಂತಾಗುವುದು ಇನ್ನೂ ಹೆಚ್ಚು ಜನರಿಗೆ. ನಮ್ಮ ಮೈಬಣ್ಣದಲ್ಲಿ ಈ ಬದಲಾವಣೆ ಪಾದದ ಮೇಲೆ ಚೆನ್ನಾಗಿ ಕಾಣುವುದಿಲ್ಲ. ಅಂಗಾಲು, ಅಂಗೈ, ಉಗುರಿನ ಬುಡ ನೋಡಬೇಕು, ಅದೂ ಹಗಲು ಬೆಳಕಿನಲ್ಲಿ.

ಮನೆಯಲ್ಲಿ ಎರಡು ಪರೀಕ್ಷೆ ಮಾಡಬಹುದು. ಉಗುರನ್ನು ಬಿಳಿಯಾಗುವವರೆಗೆ ಒತ್ತಿ ಬಿಡಿ. ಬೆಚ್ಚಗಿನ ಕೋಣೆಯಲ್ಲಿ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಇನ್ನೊಂದು: ಮಲಗಿಸಿ ಎರಡೂ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಏರಿಸಿ ಒಂದೆರಡು ನಿಮಿಷ ಇಡಿ, ಅಂಗಾಲು ನೋಡಿ. ಒಂದು ಅಂಗಾಲು ಸುಣ್ಣ ಬಳಿದಂತೆ ಬಿಳುಚಿದರೆ, ಆಮೇಲೆ ಎದ್ದು ಕೂರಿಸಿ ಕಾಲು ಇಳಿಬಿಟ್ಟಾಗ ಬಣ್ಣ ಬರಲು ಹೊತ್ತು ಹಿಡಿದು, ಕೊನೆಗೆ ಜಂಬುನೇರಳೆ ತಿಂದ ನಾಲಿಗೆಯ ಹಾಗೆ ಕಂದುಕೆಂಪಾದರೆ, ಆ ಕಾಲಿಗೆ ರಕ್ತ ಸಾಲುತ್ತಿಲ್ಲ. ಈಗಾಗಲೇ ಗಾಯವೋ ತಡೆಯಲಾರದ ನೋವೋ ಇದ್ದರೆ ಇದನ್ನು ಮಾಡಬೇಡಿ.

ಕೈಗೆ ಆಲೆನ್ ಪರೀಕ್ಷೆ ಎಂದು ಒಂದಿದೆ. ಮುಷ್ಟಿ ಬಿಗಿಸಿ, ಮಣಿಕಟ್ಟಿನ ಎರಡೂ ಪಕ್ಕದ ನಾಳಗಳನ್ನು ಒತ್ತಿ ಹಿಡಿದು, ಮುಷ್ಟಿ ಬಿಡಿಸಿ, ಒಂದು ಕಡೆಯ ಒತ್ತು ಬಿಟ್ಟು ಅಂಗೈಗೆ ಎಷ್ಟು ಬೇಗ ರಕ್ತ ಬರುತ್ತದೆ ನೋಡುವುದು. ಆಮೇಲೆ ಇನ್ನೊಂದು ಕಡೆಯದ್ದು. ಇದನ್ನು ಡಾಕ್ಟರೋ ನರ್ಸೋ ಮಾಡಲಿ. ಕಾಲಿನಲ್ಲಿ ಗಾಯ ಇರುವ ಯುವಕ, ಕೈಯಲ್ಲಿ ಯಾವ ತೊಂದರೆಯೂ ಇಲ್ಲ ಅನ್ನುತ್ತಾನೆ, ಆದರೆ ಈ ಪರೀಕ್ಷೆಯಲ್ಲಿ ಅಂಗೈ ಬಿಳುಪಾಗಿಯೇ ಉಳಿಯುತ್ತದೆ. ಅಂಥ ಕಡೆ ಬರ್ಗರ್‌ನ ಅನುಮಾನ ಬಲವಾಗುತ್ತದೆ. ಈ ಕಾಯಿಲೆ ಒಂದೇ ಕಾಲಿಗೆ ನಿಲ್ಲುವುದು ಕಡಿಮೆ.

ಇಲ್ಲಿ ದಾರಿ ತಪ್ಪಿಸುವ ಸಂಗತಿಗಳೂ ಇವೆ. ಚರ್ಮ ಬಿಗಿಯಾಗುತ್ತಿದ್ದರೆ, ಕೀಲು ನೋವು, ಬಾಯಿಹುಣ್ಣು, ಮುಖದ ಮೇಲೆ ಕೆಂಪು ಇದ್ದರೆ ಸ್ಕ್ಲೆರೋಡರ್ಮಾ, ಲೂಪಸ್‌ನಂಥ, ಮೈಯ ರಕ್ಷಣಾ ಶಕ್ತಿ ಮೈಯ ಮೇಲೇ ತಿರುಗಿಬೀಳುವ ಕಾಯಿಲೆಗಳ ಕಡೆ ನೋಡಬೇಕು. ಒಂದೇ ಕೈಗೆ ಮಾತ್ರ ತೊಂದರೆಯಿದ್ದರೆ ಕುತ್ತಿಗೆಯಲ್ಲಿ ಹೆಚ್ಚುವರಿ ಪಕ್ಕೆಲುಬು ನಾಳವನ್ನು ಒತ್ತುತ್ತಿರಬಹುದು. ಅರೆತಲೆನೋವಿಗೆ ಎರ್ಗೋಟಮೈನ್ ಇರುವ ಮಾತ್ರೆ ನುಂಗುವವರಿದ್ದರೆ ಅದನ್ನು ತಪ್ಪದೆ ಹೇಳಿ, ಆ ಮಾತ್ರೆಯೊಂದೇ ನಾಳಗಳನ್ನು ಹೀಗೆ ಬಿಗಿಸಬಲ್ಲದು.

ಕಾಲ ಮೇಲೆ ಕೆಂಪು ಗಂಟು, ಇವತ್ತು ಇಲ್ಲಿ ನಾಳೆ ಅಲ್ಲಿ

ಚರ್ಮದ ಅಡಿಯಲ್ಲಿ ಹಗ್ಗದ ತುಂಡಿನಂತೆ ಗಟ್ಟಿ, ಕೆಂಪು, ಮುಟ್ಟಿದರೆ ನೋವು. ಒಂದೆರಡು ವಾರದಲ್ಲಿ ಅದು ಇಳಿದು ಕಂದುಗೆರೆ ಉಳಿಯುತ್ತದೆ, ಆಮೇಲೆ ಇನ್ನೊಂದು ಕಡೆ ಏಳುತ್ತದೆ. ಜನ ಇದನ್ನು ಹುಳ ಕಡಿದದ್ದು, ನಂಜು ಎಂದುಕೊಳ್ಳುತ್ತಾರೆ. ಇದು ಮೇಲ್ಗಡೆಯ ಸಿರೆಗಳು ಉರಿಯೂತವಾಗಿ ಹೆಪ್ಪುಗಟ್ಟುವುದು. ಕೊಬ್ಬು ಕಟ್ಟುವ ಕಾಯಿಲೆಯಲ್ಲಿ ಇದು ಇರುವುದಿಲ್ಲ, ಅಲ್ಲಿ ಹೃದಯದಿಂದ ರಕ್ತ ತರುವ ಅಪಧಮನಿ ಮಾತ್ರ ಹಾಳಾಗುತ್ತದೆ, ರಕ್ತ ಹಿಂದಕ್ಕೆ ಒಯ್ಯುವ ಸಿರೆ ಅಲ್ಲ. ಬರ್ಗರ್ ಎರಡನ್ನೂ ಹಿಡಿಯುತ್ತದೆ. ಹಾಗಾಗಿ ಚಿಕ್ಕ ವಯಸ್ಸು, ತಂಬಾಕು, ಓಡಾಡುವ ಗಂಟು ಈ ಮೂರೂ ಒಟ್ಟಿಗೆ ಕಂಡರೆ ಅಂಗಾಲು ನೋವು ಶುರುವಾಗುವ ತನಕ ಕಾಯಬೇಡಿ. ಗಂಟು ಇರುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಅದು ಇಳಿದುಹೋಗಿರುತ್ತದೆ.

ಉಬ್ಬಿದ ಸಿರೆ ಮೊದಲಿನಿಂದಲೂ ಇದ್ದು ಅದರ ಮೇಲೇ ಕೆಂಪಾದರೆ ಕಾರಣ ಬೇರೆ ಇರಬಹುದು.

ರಾತ್ರಿ ನಿದ್ದೆ ಇಲ್ಲ, ಕಾಲು ಇಳಿಬಿಟ್ಟರೆ ಆರಾಮ

"ಎಷ್ಟು ಹೊತ್ತು ಮಲಗ್ತೀಯಪ್ಪಾ?" ಎಂದು ಆ ಡ್ರೈವರನ್ನು ಕೇಳಿದೆ. "ಮಲಗೋದೆಲ್ಲಿ ಸಿಸ್ಟರ್, ಮಂಚದ ಅಂಚಲ್ಲಿ ಕೂತು ಕಾಲು ಇಳಿಬಿಟ್ಕೊಂಡಿರ್ತೀನಿ. ಮೇಲಿಟ್ರೆ ಬೆಂಕಿ." ಅವರ ಪಾದ ಊದಿ ಮಿರಮಿರ ಹೊಳೆಯುತ್ತಿತ್ತು. ಹೆಬ್ಬೆರಳ ಮೇಲಿನ ಕೂದಲು ಉದುರಿತ್ತು, ಉಗುರು ದಪ್ಪವಾಗಿ ಹಳದಿಗಟ್ಟಿತ್ತು. ಹೊದಿಕೆ ತಾಕಿದರೂ ನೋವೆಂದು ಅವರ ಹೆಂಡತಿ ಪಾದದ ಮೇಲೆ ಮಗುವಿನ ಸೊಳ್ಳೆಪರದೆಯ ಕೊಡೆ ಬಿಡಿಸಿಡುತ್ತಿದ್ದರಂತೆ.

ಮಲಗಿದಾಗ ರಕ್ತವನ್ನು ಕೆಳಗೆಳೆಯುವ ಭಾರ ಇಲ್ಲ, ರಕ್ತದೊತ್ತಡವೂ ನಿದ್ದೆಯಲ್ಲಿ ಇಳಿಯುತ್ತದೆ. ಮೊದಲೇ ಸಾಲದ ರಕ್ತ ಇನ್ನೂ ಕಮ್ಮಿಯಾಗಿ ಬೆರಳು ಕೂಗಿಕೊಳ್ಳುತ್ತದೆ. ಇಳಿಬಿಟ್ಟರೆ ಒಂದಿಷ್ಟು ಹರಿಯುತ್ತದೆ. ಈ ಹಂತಕ್ಕೆ ಬಂದವರು ಮನೆಯಲ್ಲಿ ಪರೀಕ್ಷೆ ಮಾಡುವುದನ್ನು ಬಿಟ್ಟು ಒಂದೆರಡು ದಿನದೊಳಗೆ ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆ ಸೇರಬೇಕು. ಮುಂದಿನದು ಗಾಯವೇ.

ಇಲ್ಲಿ ಎಲ್ಲರೂ ಮಾಡುವ ಒಂದು ಕೆಲಸವನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ: ಕಾಲು ತಣ್ಣಗಿದೆ ಎಂದು ಬಿಸಿನೀರಿನ ಚೀಲ, ಕೆಂಡದ ಶಾಖ, ಮರಳಿನ ಕಾವು ಕೊಡುವುದು. ರಕ್ತ ಸಾಲದ ಚರ್ಮಕ್ಕೆ ಬಿಸಿ ತಡೆಯುವ ಶಕ್ತಿ ಇರುವುದಿಲ್ಲ, ಜೋಮಿನಲ್ಲಿ ಸುಟ್ಟದ್ದೂ ಗೊತ್ತಾಗುವುದಿಲ್ಲ. ಅಂಥ ಬೊಕ್ಕೆಯೊಂದೇ ಸಾಕು, ಬೆರಳು ಹೋಗುತ್ತದೆ. ಹತ್ತಿಯ ಸಡಿಲ ಕಾಲುಚೀಲ ಹಾಕಿ, ಕೋಣೆ ಬೆಚ್ಚಗಿಡಿ, ಅಷ್ಟು ಸಾಕು. ಐಸ್ ಕೂಡ ಬೇಡ.

ಬೆರಳ ತುದಿಯಲ್ಲಿ ಗಾಯ, ಮಾಯುತ್ತಿಲ್ಲ

ಎರಡು ವಾರಕ್ಕೆ ಮಾಯದ ಬೆರಳ ಗಾಯ ಯಾರಿಗೇ ಬರಲಿ, ಕಾರಣ ಹುಡುಕಬೇಕು. ಗಾಯ ಎಲ್ಲಿದೆ, ನೋಯುತ್ತದೆಯೇ ಎಂಬ ಎರಡೇ ಪ್ರಶ್ನೆ ಅರ್ಧ ದಾರಿ ತೋರಿಸುತ್ತವೆ. ಬರ್ಗರ್‌ನ ಗಾಯ ಬೆರಳ ತುದಿಯಲ್ಲಿ, ಉಗುರಿನ ಸುತ್ತ, ಬೆರಳ ಸಂದಿಯಲ್ಲಿ ಏಳುತ್ತದೆ, ಮುಟ್ಟಗೊಡದಷ್ಟು ನೋವಿರುತ್ತದೆ. ಸಕ್ಕರೆ ಕಾಯಿಲೆಯ ಗಾಯ ಹೆಚ್ಚಾಗಿ ಅಂಗಾಲಿನ ಭಾರ ಬೀಳುವ ಜಾಗದಲ್ಲಿ, ನೋವೇ ಇಲ್ಲದೆ. ಕುಷ್ಠದ ಗಾಯವೂ ನೋಯುವುದಿಲ್ಲ, ಜೊತೆಗೆ ಮೈಮೇಲೆ ಸ್ಪರ್ಶ ಗೊತ್ತಾಗದ ತಿಳಿಬಣ್ಣದ ಮಚ್ಚೆ ಇರಬಹುದು. ಅಲ್ಲಿ ಪಾದದ ನಾಡಿ ಸಾಮಾನ್ಯವಾಗಿ ಚೆನ್ನಾಗಿ ಸಿಗುತ್ತದೆ. ಸಿರೆ ಉಬ್ಬಿದವರ ಗಾಯ ಒಳಗುಬ್ಬಿಯ ಮೇಲುಭಾಗದಲ್ಲಿ, ಸುತ್ತ ಕಪ್ಪಿಟ್ಟ ಚರ್ಮ. ಇವು ದಾರಿ ತೋರುವ ಗುರುತುಗಳು ಮಾತ್ರ. ಒಬ್ಬನೇ ಮನುಷ್ಯನಿಗೆ ಸಕ್ಕರೆಯೂ ಬೀಡಿಯೂ ಇರಬಹುದು.

ಎಷ್ಟೋ ಸಲ ಕಥೆ ಶುರುವಾಗುವುದು ಉಗುರಿನಿಂದ. ಉಗುರು ಒಳಗೆ ಬೆಳೆದಿದೆ ಎಂದು ಯಾರೋ ಕಿತ್ತುಹಾಕುತ್ತಾರೆ, ಆ ಜಾಗ ಮಾಯುವುದೇ ಇಲ್ಲ. ಬೀಡಿ ಸೇದುವವರ ಉಗುರು ಕೀಳುವ ಮೊದಲು, ಆಣಿ ಕೊಯ್ಯುವ ಮೊದಲು ನಾಡಿ ನೋಡಲೇಬೇಕು.

ಕಪ್ಪಾಗಿ ಒಣಗಿದ ಬೆರಳು ಮತ್ತು ಒದ್ದೆಯಾಗಿ ಕೊಳೆಯುವ ಬೆರಳು ಬೇರೆ ಬೇರೆ. ಒಣಗಿದ್ದನ್ನು ಒಣಗಿದ ಹಾಗೇ ಗಾಜ್ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಟ್ಟುಕೊಂಡು ಸರ್ಜನ್‌ಗೆ ತೋರಿಸಿ. ನೆನೆಸಬೇಡಿ, ಸೊಪ್ಪಿನ ರಸ, ಅರಿಶಿನ, ಸುಣ್ಣ, ಬ್ಯಾಟರಿ ಪುಡಿ ಯಾವುದನ್ನೂ ಹಚ್ಚಬೇಡಿ (ಬ್ಯಾಟರಿ ಪುಡಿ ಹಚ್ಚಿಕೊಂಡು ಬಂದವರನ್ನು ನಾನೇ ತೊಳೆದಿದ್ದೇನೆ). ಬಿಗಿಯಾದ ಪಟ್ಟಿ ಸುತ್ತಬೇಡಿ. ಬರಿಗಾಲಲ್ಲಿ ಗದ್ದೆಗೆ ಇಳಿಯಬೇಡಿ. ಒದ್ದೆಯಾಗಿ ವಾಸನೆ ಬಂತೆಂದರೆ ಮೇಲೆ ಹೇಳಿದ ತುರ್ತು ಸ್ಥಿತಿ.

ಆಸ್ಪತ್ರೆಯಲ್ಲಿ: ಅಗ್ಗದ ಪರೀಕ್ಷೆಯಿಂದ ದುಬಾರಿಯ ಕಡೆಗೆ

"ಬರ್ಗರ್ ಟೆಸ್ಟ್ ಮಾಡಿ" ಎಂದು ಲ್ಯಾಬಿಗೆ ಹೋಗಿ ಕೇಳುವವರಿದ್ದಾರೆ. ಇದಕ್ಕೆ ಅಂಥ ಒಂದು ರಕ್ತಪರೀಕ್ಷೆ ಇಲ್ಲ. ಕಥೆ ಕೇಳಿ, ಕಾಲು ಮುಟ್ಟಿ, ಬೇರೆ ಕಾಯಿಲೆಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ಈ ತೀರ್ಮಾನಕ್ಕೆ ಬರುತ್ತಾರೆ. ಜಪಾನಿನ ಸರ್ಜನ್ ಶಿಯೊನೊಯಾ ಹಾಕಿಕೊಟ್ಟ ಐದು ಗುರುತುಗಳನ್ನು ಇವತ್ತಿಗೂ ಬಳಸುತ್ತಾರೆ: ತಂಬಾಕು ಸೇದಿದ ಇತಿಹಾಸ, 50 ವರ್ಷಕ್ಕೆ ಮುಂಚೆ ಶುರುವಾಗಿರುವುದು, ಮೊಣಕಾಲಿನ ಕೆಳಗಿನ ನಾಳಗಳು ಮುಚ್ಚಿರುವುದು, ಕೈಗೂ ಹರಡಿರುವುದು ಅಥವಾ ಓಡಾಡುವ ಸಿರೆಗಂಟು, ಮತ್ತು ತಂಬಾಕು ಬಿಟ್ಟರೆ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್‌ನಂಥ ಬೇರೆ ಕಾರಣ ಇಲ್ಲದಿರುವುದು.

ಮೊದಲ ಪರೀಕ್ಷೆ ಬಿ.ಪಿ. ಪಟ್ಟಿಯಿಂದಲೇ ಆಗುತ್ತದೆ. ಕೈಯ ಒತ್ತಡ, ಕಣಕಾಲಿನ ಒತ್ತಡ ಎರಡನ್ನೂ ರಕ್ತ ಹರಿಯುವ ಸದ್ದು ಕೇಳಿಸುವ ಸಣ್ಣ ಡಾಪ್ಲರ್ ಕಡ್ಡಿ ಹಿಡಿದು ಅಳೆದು, ಕಾಲಿನದ್ದನ್ನು ಕೈಯದ್ದರಿಂದ ಭಾಗಿಸುತ್ತಾರೆ. ಕೈಯಲ್ಲಿ 120, ಕಾಲಲ್ಲಿ 60 ಬಂದರೆ ಲೆಕ್ಕ 0.5. ಒಂದರ ಆಸುಪಾಸು ಇರಬೇಕು. 0.9ಕ್ಕಿಂತ ಕಡಿಮೆ ಎಂದರೆ ನಾಳ ಕಿರಿದಾಗಿದೆ, 0.4ಕ್ಕೆ ಇಳಿದರೆ ಕಾಲು ಅಪಾಯದಲ್ಲಿದೆ. ಇಲ್ಲೊಂದು ಮೋಸದ ಜಾಗವಿದೆ, ಗಮನಿಸಿ. ಬರ್ಗರ್ ಪಾದದ ಒಳಗಿನ ನಾಳಗಳಲ್ಲಿ ಮಾತ್ರ ಇದ್ದರೆ ಕಣಕಾಲಿನ ಒತ್ತಡ ಸರಿಯಾಗಿಯೇ ಬರುತ್ತದೆ. ರಿಪೋರ್ಟ್ ನಾರ್ಮಲ್ ಎಂದು ಮನೆಗೆ ಕಳಿಸಿಬಿಡುತ್ತಾರೆ. ನೋವು, ಬಣ್ಣ, ಗಾಯ ಇದ್ದೂ ಹೀಗೆ ಬಂದರೆ ಕಾಲ್ಬೆರಳಿನ ಒತ್ತಡ ಅಳೆಯಲು ಕೇಳಿ. ಅದು 30 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಗಾಯ ತಾನಾಗಿ ಮಾಯುವ ಸಾಧ್ಯತೆ ಕಮ್ಮಿ.

ಆಮೇಲೆ ರಕ್ತಪರೀಕ್ಷೆ: ರಕ್ತಕಣಗಳ ಎಣಿಕೆ, ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡ, ಮೈಯಲ್ಲಿ ಉರಿಯೂತವಿದೆಯೇ ಎಂದು ಸೂಚಿಸುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ., ಲೂಪಸ್ ಮತ್ತು ಸ್ಕ್ಲೆರೋಡರ್ಮಾದ ಪ್ರತಿಕಾಯಗಳು, ರಕ್ತ ಬೇಗ ಹೆಪ್ಪುಗಟ್ಟುವ ಗುಣವಿದೆಯೇ ಎಂಬ ಪರೀಕ್ಷೆಗಳು. ಬರ್ಗರ್‌ನಲ್ಲಿ ಇವು ಸಾಮಾನ್ಯವಾಗಿ ಎಲ್ಲವೂ ಸರಿ ಇರುತ್ತವೆ. ಬೇರೆ ನಾಳದ ಉರಿಯೂತಗಳಲ್ಲಿ ಇ.ಎಸ್.ಆರ್. ಏರುತ್ತದೆ, ಇಲ್ಲಿ ಬಹಳ ಸಲ ಏರುವುದಿಲ್ಲ. ಇಷ್ಟು ದುಡ್ಡು ಕೊಟ್ಟು ಏನೂ ಸಿಗಲಿಲ್ಲವಲ್ಲ ಎಂದು ರೋಗಿಗಳು ಬೇಸರಪಡುತ್ತಾರೆ. ಏನೂ ಸಿಗದಿರುವುದೇ ಇಲ್ಲಿ ಬೇಕಾದ ಉತ್ತರ. ಹೃದಯದ ಎಕೋ ಕೂಡ ಬೇಕು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟ ಹೃದಯದಲ್ಲಿ ಹುಟ್ಟಿದ ಹೆಪ್ಪು ಕಾಲಿಗೆ ಬಂದು ಕೂತಿರುವುದು ನಮ್ಮ ಕಡೆ ಅಪರೂಪವಲ್ಲ.

ನಾಳದ ಡಾಪ್ಲರ್ ಸ್ಕ್ಯಾನ್ ಆದ ಮೇಲೆ ಕೊನೆಯದು ಆಂಜಿಯೋಗ್ರಾಮ್, ಅಂದರೆ ನಾಳಕ್ಕೆ ಮದ್ದು ಬಿಟ್ಟು ಒಳಗಿನ ದಾರಿಯ ಚಿತ್ರ ತೆಗೆಯುವುದು. ಡಾಕ್ಟರೊಬ್ಬರು ಆ ಚಿತ್ರವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ತೊಡೆಯ ದೊಡ್ಡ ನಾಳ ನಯವಾಗಿ, ಎಲ್ಲೂ ಕೊಬ್ಬಿನ ಒರಟಿಲ್ಲದೆ ಇಳಿದು ಬರುತ್ತದೆ. ಮೊಣಕಾಲು ದಾಟಿದ ಮೇಲೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮುಚ್ಚಿದ ಜಾಗದ ಪಕ್ಕದಲ್ಲಿ ಹೀರೇಬಳ್ಳಿಯ ಕುಡಿಯಂತೆ ಸುರುಳಿ ಸುರುಳಿಯಾದ ಸಣ್ಣ ನಾಳಗಳು ದಾರಿ ಹುಡುಕಿಕೊಂಡು ಹೋಗಿರುತ್ತವೆ. ಈ ಸುರುಳಿ ಬೇರೆ ಕೆಲವು ಕಾಯಿಲೆಗಳಲ್ಲೂ ಕಾಣುವುದರಿಂದ ಅದೊಂದನ್ನೇ ನಂಬುವುದಿಲ್ಲ, ಮಿಕ್ಕ ಗುರುತುಗಳ ಜೊತೆ ಕೂಡಿಸಿ ನೋಡುತ್ತಾರೆ. ಆಂಜಿಯೋಗ್ರಾಮಿಗೆ ಮೊದಲು ಮೂತ್ರಪಿಂಡದ ತೊಂದರೆ, ಅಲರ್ಜಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ಹೇಳಿ. ತುಂಡು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾಗುವುದು ತೀರ ಕಡಿಮೆ. ರಕ್ತ ಸಾಲದ ಬೆರಳಿನಲ್ಲಿ ಕೊಯ್ದರೆ ಆ ಗಾಯವೇ ಮಾಯುವುದಿಲ್ಲ. ವಯಸ್ಸು 50 ದಾಟಿದ್ದರೆ, ಕಾಯಿಲೆ ದೊಡ್ಡ ನಾಳದಲ್ಲಿದ್ದರೆ, ಕಥೆ ಎಲ್ಲೋ ಹೊಂದದಿದ್ದರೆ ಮಾತ್ರ ಅದರ ಮಾತು.

ರಿಪೇರಿ ಎಲ್ಲಿ ಆಗಬೇಕು

ಹೃದಯಕ್ಕೆ ಸ್ಟೆಂಟ್ ಹಾಕುವ ಹಾಗೆ ಇಲ್ಲೂ ಹಾಕಿಬಿಡಿ ಎಂದು ಕೇಳುತ್ತಾರೆ. ಮುಚ್ಚಿರುವುದು ತುದಿಯ ಸಣ್ಣ ನಾಳಗಳಾದ್ದರಿಂದ, ಬೈಪಾಸ್ ಹೊಲಿಯಲು ಕೆಳಗೆ ತೆರೆದ ನಾಳ ಸಿಗುವುದೇ ಅಪರೂಪ. ನೋವಿಗೆ ಮದ್ದು, ನಾಳ ಹಿಗ್ಗಿಸುವ ಮಾತ್ರೆ, ಇಲೋಪ್ರಾಸ್ಟ್ ಎಂಬ ಡ್ರಿಪ್, ನಾಳವನ್ನು ಬಿಗಿಸುವ ನರವನ್ನು ಕತ್ತರಿಸುವ ಆಪರೇಷನ್ ಇವೆಲ್ಲ ನೋವಿಗೆ, ಗಾಯಕ್ಕೆ ಒಂದಿಷ್ಟು ನೆರವಾಗುತ್ತವೆ. ಕಾಯಿಲೆ ನಿಲ್ಲುವುದು ತಂಬಾಕು ಪೂರ್ತಿ ನಿಂತಾಗ ಮಾತ್ರ. 1990ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ಬಂದ ಅಧ್ಯಯನದಲ್ಲಿ, ಸೇದುವುದು ಬಿಟ್ಟವರಲ್ಲಿ ನೂರಕ್ಕೆ ಐದಾರು ಜನರಿಗಷ್ಟೇ ಬೆರಳು ಅಥವಾ ಕಾಲು ತೆಗೆಯಬೇಕಾಯಿತು. ಬಿಡದವರಲ್ಲಿ ಅದು ನೂರಕ್ಕೆ ನಲವತ್ತು ದಾಟಿತ್ತು. ಇಷ್ಟು ಸ್ಪಷ್ಟವಾಗಿ ರೋಗಿಯ ಕೈಯಲ್ಲೇ ಇರುವ ಮದ್ದು ನನ್ನ ವಾರ್ಡಿನಲ್ಲಿ ಬೇರೆ ಯಾವ ಕಾಯಿಲೆಗೂ ಇಲ್ಲ.

"ದಿನಕ್ಕೆ ಎರಡೇ ಸಿಸ್ಟರ್" ಅನ್ನುವವರಿಗೆ ಹೇಳುತ್ತೇನೆ: ಎರಡು ಸಾಕು, ಕಾಯಿಲೆ ಉರಿಯುತ್ತಲೇ ಇರುತ್ತದೆ. ಹಾಗೆಂದು ಅವರನ್ನು ಬೈದು ಏನೂ ಆಗುವುದಿಲ್ಲ. ಆ ರಾತ್ರಿ ನೋವಿಗೆ ಬೀಡಿ ಹಚ್ಚುವವನ ಕಷ್ಟ ನಾನು ಕಂಡಿದ್ದೇನೆ. ನೋವಿಗೆ ಗಟ್ಟಿ ಮದ್ದು ಸಿಕ್ಕರೆ ಬೀಡಿ ಬಿಡುವುದು ಸುಲಭವಾಗುತ್ತದೆ, ಅದನ್ನು ಡಾಕ್ಟರ ಹತ್ತಿರ ನಾಚಿಕೆಯಿಲ್ಲದೆ ಕೇಳಿ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ ಕರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆ ಸಲಹಾ ಕೇಂದ್ರವಿದೆ.

ಬಿಟ್ಟಿದ್ದೇನೆ ಅನ್ನುತ್ತಾರೆ, ಗಾಯ ಮಾಯುತ್ತಿಲ್ಲ, ಹೊಸ ಗಂಟು ಬಂತು

ಬಿಟ್ಟ ಮೇಲೂ ಹಳೆಯ ಗಾಯ ಮಾಯಲು ತಿಂಗಳುಗಳು ಬೇಕು, ನಡೆದಾಗಿನ ನೋವು ಕೆಲವರಲ್ಲಿ ಉಳಿದೇ ಇರುತ್ತದೆ. ಅದಕ್ಕೆ ಗಾಬರಿ ಬೇಡ. ಹೊಸ ಬೆರಳು ಕಪ್ಪಾದರೆ, ಹೊಸ ಗಂಟು ಎದ್ದರೆ ಮಾತ್ರ ಎಲ್ಲೋ ತಂಬಾಕು ಒಳಗೆ ಹೋಗುತ್ತಿದೆ ಎಂದು ಹುಡುಕಬೇಕು. ಬೀಡಿ ಬಿಟ್ಟವರು ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಳ್ಳುತ್ತಾರೆ, ಅದು ಲೆಕ್ಕವಲ್ಲ ಅಂದುಕೊಳ್ಳುತ್ತಾರೆ. ಗುಟ್ಕಾ, ಕಡ್ಡಿಪುಡಿ, ನಶ್ಯ, ಹಲ್ಲುಜ್ಜುವ ತಂಬಾಕಿನ ಪುಡಿ ಇವೆಲ್ಲವೂ ಲೆಕ್ಕವೇ. ಮನೆಯಲ್ಲಿ ಅಪ್ಪನೋ ಅಣ್ಣನೋ ಪಕ್ಕದಲ್ಲಿ ಕೂತು ಸೇದುತ್ತಿದ್ದರೆ ಅವರೂ ಅಂಗಳಕ್ಕೆ ಹೋಗಲಿ. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ಬೇರೆಯವರಿಗೆ ಅವು ಒಳ್ಳೆಯ ಸಹಾಯ, ಆದರೆ ಈ ಕಾಯಿಲೆಯಲ್ಲಿ ನಿಕೋಟಿನ್ನೇ ಉರಿಯನ್ನು ಜೀವಂತ ಇಡಬಹುದೆಂಬ ಅನುಮಾನ ಇರುವುದರಿಂದ ಡಾಕ್ಟರನ್ನು ಕೇಳದೆ ಬಳಸಬೇಡಿ. ನಿಕೋಟಿನ್ ಇಲ್ಲದ ಬುಪ್ರೊಪಿಯಾನ್, ವಾರೆನಿಕ್ಲಿನ್ ಮಾತ್ರೆಗಳೂ ಇವೆ, ಅವನ್ನೂ ಡಾಕ್ಟರೇ ಬರೆದುಕೊಡಬೇಕು.

ಅನುಮಾನ ಬಗೆಹರಿಯದಿದ್ದರೆ ಮೂತ್ರದಲ್ಲಿ ಕೋಟಿನಿನ್ ಪರೀಕ್ಷೆ ಇದೆ. ಹಿಂದಿನ ಕೆಲವು ದಿನಗಳಲ್ಲಿ ನಿಕೋಟಿನ್ ಮೈಗೆ ಹೋಗಿದೆಯೋ ಇಲ್ಲವೋ ಅದರಲ್ಲಿ ತಿಳಿಯುತ್ತದೆ. ಕಳ್ಳನನ್ನು ಹಿಡಿಯುವ ಹಾಗೆ ಇದನ್ನು ಮಾಡಿಸಬಾರದು. ನಮ್ಮ ಡ್ರೈವರಿಗೆ ಮಾಡಿಸಿದಾಗ ನಿಕೋಟಿನ್ ಇದೆಯೆಂದು ಬಂತು. ಬೀಡಿ ಮುಟ್ಟಿಲ್ಲ ಎಂದು ಮಗಳ ಮೇಲೆ ಆಣೆ ಮಾಡಿದರು, ನಿಜವೇ ಹೇಳಿದ್ದರು. ಬಾಯಿ ತೆಗೆಸಿ ನೋಡಿದೆವು. ದವಡೆಯ ಒಳಗೆ, ಕೆಳದುಟಿಯ ಹಿಂದೆ, ಹೊಗೆಸೊಪ್ಪಿನ ಚೂರು. ಅದನ್ನೂ ಬಿಟ್ಟ ನಾಲ್ಕನೇ ತಿಂಗಳಿಗೆ ಹೆಬ್ಬೆರಳ ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ಈಗ ಹದಿನೈದು ದಿನಕ್ಕೊಮ್ಮೆ ಡ್ರೆಸ್ಸಿಂಗಿಗೆ ಬರುತ್ತಾರೆ, ರಾತ್ರಿ ಕಾಲು ಮೇಲಿಟ್ಟು ಮಲಗುತ್ತಾರೆ.